ಟಿಳಕವಾಡಿಯ ಭಾನುವಾರದ ಟ್ಯೂಷನ್: ಕಬ್ಬಿನ ಲೆಕ್ಕ ಚೆನ್ನ, ಲಯಪುನೋವ್ ಅವಸರ

ಬೆಳಗಾವಿಯ ಟಿಳಕವಾಡಿಯಲ್ಲಿ ಭಾನುವಾರ ನಡೆಯುವ ಒಂದು ಟ್ಯೂಷನ್‌ಗೆ ಆರು ವಾರ ಹೋಗಿ ಬಂದೆ. ನಾನ್‌ಲೀನಿಯರ್ ಕಂಟ್ರೋಲ್ (ಸರಳ ರೇಖೆಯ ಲೆಕ್ಕಕ್ಕೆ ಸಿಗದ ವ್ಯವಸ್ಥೆಗಳನ್ನು ಹತೋಟಿಯಲ್ಲಿಡುವ ಗಣಿತ) ಹೇಳಿಕೊಡ್ತಾರೆ, ಜೊತೆಗೆ ಗುಂಪಿನಲ್ಲಿ ಜನರ ಅಭಿಪ್ರಾಯ ಹೇಗೆ ಬದಲಾಗುತ್ತದೆ ಅನ್ನೋ ಗಣಿತವನ್ನೂ. ಎಂಟೆಕ್ ಪರೀಕ್ಷೆ ಹತ್ತಿರ ಬಂತು ಅಂತ ಸೇರಿದ್ದೆ.

ಎರಡನೇ ಭಾನುವಾರ ಸರ್ ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. "ಎಕರೆಗೆ ಎಷ್ಟು ಟನ್ ಕಬ್ಬು ಬರತೈತಿ, ಹೇಳ್ರಿ" ಅಂತ ಮೂವರನ್ನು ಎಬ್ಬಿಸಿದರು. ಅಥಣಿಯ ಹುಡುಗ 30 ಅಂದ, ಬೈಲಹೊಂಗಲದವಳು 36, ಗೋಕಾಕದವನು 54. ಆಮೇಲೆ ಯಾರು ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ಗೊತ್ತು ಮಾಡಿದರು. ಹುಡುಗರಿಬ್ಬರು ತಮ್ಮ ಮಾತಿಗೆ ಅರ್ಧ, ಅವಳ ಮಾತಿಗೆ ಅರ್ಧ. ಅವಳು ತನಗೆ ಅರ್ಧ, ಇಬ್ಬರಿಗೂ ಕಾಲು ಕಾಲು. ಒಂದು ಸುತ್ತಿಗೆ 33, 39, 45 ಆಯಿತು. ಇನ್ನೊಂದಕ್ಕೆ 36, 39, 42. ಹೀಗೇ ಹೋದರೆ ಮೂವರೂ 39ಕ್ಕೆ ಬರುತ್ತಾರೆ. ಸರಾಸರಿ 40 ಅಲ್ವಾ, ಮತ್ತೆ 39 ಯಾಕೆ ಅಂತ ಕೇಳಿದೆ. ಸರ್ ಉತ್ತರ ಇದು: ಅವಳ ಮಾತನ್ನು ಇಬ್ಬರೂ ಕೇಳುತ್ತಾರೆ, ಅದಕ್ಕೇ ಕೊನೆಯ ಉತ್ತರದಲ್ಲಿ ಅವಳ ಪಾಲು ಅರ್ಧ, ಉಳಿದವರದು ಕಾಲು ಕಾಲು. ಡಿಗ್ರೂಟ್ 1974ರಲ್ಲಿ ಕೊಟ್ಟ ಮಾಡೆಲ್ ಇದು. ಐಗನ್‌ವೆಕ್ಟರ್ (ಮ್ಯಾಟ್ರಿಕ್ಸ್ ಗುಣಿಸಿದರೂ ದಿಕ್ಕು ಬದಲಾಗದ ಸಂಖ್ಯೆಗಳ ಸಾಲು) ಅಂತ ಎಷ್ಟೋ ಸಲ ಬರೆದಿದ್ದೆ, ಇಲ್ಲಿ ಅದು ಒಬ್ಬೊಬ್ಬರ ಮಾತಿನ ತೂಕ ಅಂತ ಆವತ್ತೇ ಗೊತ್ತಾಗಿದ್ದು.

ಆಮೇಲೆ ನಿಯಮ ಬದಲಿಸಿದರು. 10 ಟನ್‌ಗಿಂತ ಜಾಸ್ತಿ ದೂರ ಇರುವವರ ಮಾತು ಕೇಳಬೇಡಿ, ನಿಮ್ಮದನ್ನೂ ಸೇರಿಸಿ ಹತ್ತಿರದವರ ಸರಾಸರಿ ತಗೊಳ್ಳಿ. 30 ಮತ್ತು 36 ಸೇರಿ 33 ಆಯಿತು. 54 ಮಾತ್ರ ಎಷ್ಟು ಸುತ್ತು ಹಾಕಿದರೂ ಅಲ್ಲೇ. ಇದು ಹೆಗ್ಸೆಲ್ಮನ್ ಮತ್ತು ಕ್ರೌಸೆ ಅವರ 2002ರ ಮಾಡೆಲ್. ಯಾರು ಯಾರ ಮಾತು ಕೇಳುತ್ತಾರೆ ಅನ್ನೋದೇ ಅವರ ಈಗಿನ ಅಭಿಪ್ರಾಯದ ಮೇಲೆ ನಿಂತಿದೆ, ಹಾಗಾಗಿ ನಾನ್‌ಲೀನಿಯರ್. ಸಮೀಕರಣದಲ್ಲಿ ವರ್ಗವೋ ಸೈನೋ ಇದ್ದರೆ ಮಾತ್ರ ನಾನ್‌ಲೀನಿಯರ್ ಅಂದುಕೊಂಡಿದ್ದ ನನಗೆ ಇದೊಂದೇ ಕ್ಲಾಸಿಗೆ ಫೀಸ್ ವಸೂಲಾಯಿತು.

ಇನ್ನು ದೂರು. ರಷ್ಯಾದ ಗಣಿತಜ್ಞ ಲಯಪುನೋವ್ 1892ರಲ್ಲಿ ಕೊಟ್ಟ ವಿಧಾನವೇ ಈ ವಿಷಯದ ಬೆನ್ನೆಲುಬು: ಸಮೀಕರಣ ಬಿಡಿಸದೆಯೇ, ಇಳಿಯುತ್ತಾ ಹೋಗುವ ಒಂದು ಅಳತೆ ಹಿಡಿದು ವ್ಯವಸ್ಥೆ ಕೊನೆಗೆ ನೆಲೆ ನಿಲ್ಲುತ್ತದೆ ಅಂತ ತೋರಿಸುವುದು. ಅದನ್ನು ಕೊನೆಯ ಭಾನುವಾರಕ್ಕೆ ಇಟ್ಟರು, ಅದೂ ಕರೆಂಟ್ ಹೋಗಿ ಬಂದು ಒಂದು ಗಂಟೆ ಉಳಿದಿದ್ದಾಗ. ಘರ್ಷಣೆ ಇರುವ ಲೋಲಕದ ಶಕ್ತಿ ಇಳಿಯುತ್ತದೆ, ಆದ್ದರಿಂದ ಕೆಳಗೆ ಬಂದು ನಿಲ್ಲುತ್ತದೆ ಅಂತ ಮುಗಿಸಿಬಿಟ್ಟರು. ಲೋಲಕ ಪಕ್ಕಕ್ಕೆ ಏರಿ ಒಂದು ಕ್ಷಣ ನಿಂತಾಗ ವೇಗ ಸೊನ್ನೆ, ಆಗ ಶಕ್ತಿ ಇಳಿಯುವ ದರವೂ ಸೊನ್ನೆ. ಅಲ್ಲೇ ಸಿಕ್ಕಿಕೊಳ್ಳುವುದಿಲ್ಲ ಅಂತ ತೋರಿಸೋಕೆ ಲಾಸಾಲ್ ತತ್ವ (ಅಳತೆ ಇಳಿಯದ ಜಾಗಗಳಲ್ಲಿ ವ್ಯವಸ್ಥೆ ಎಲ್ಲಿ ಉಳಿಯಬಲ್ಲದು ಅಂತ ನೋಡುವುದು) ಬೇಕು. ಅದು ಕ್ಲಾಸಿನಲ್ಲೂ ಬರಲಿಲ್ಲ, ನೋಟ್ಸ್‌ನಲ್ಲೂ ಇಲ್ಲ.

ಇದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದಕ್ಕೆ. ಮೊದಲ ಕಬ್ಬಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆಗೂ ಚಿಕ್ಕದಕ್ಕೂ ಇರುವ ಅಂತರ 24, 12, 6, 3 ಅಂತ ಇಳಿಯುತ್ತದೆ. ಲೋಲಕದಲ್ಲಿ ಶಕ್ತಿ ಮಾಡುವ ಕೆಲಸವನ್ನೇ ಇಲ್ಲಿ ಆ ಅಂತರ ಮಾಡುತ್ತದೆ! ಅಷ್ಟು ಚೆಂದದ ಉದಾಹರಣೆ ಕೊಟ್ಟವರು ಈ ಒಂದು ಮಾತು ಹೇಳಿದ್ದರೆ ಎಲ್ಲರಿಗೂ ಲಯಪುನೋವ್ ಅಲ್ಲೇ ಅರ್ಥವಾಗುತ್ತಿತ್ತು. ನನಗೆ ಹೊಳೆದಿದ್ದು ಊರಿಗೆ ಹೋಗುವ ಬಸ್ಸಿನಲ್ಲಿ.

ಫೀಸ್ 3,000 ರೂಪಾಯಿ. ಬೆಂಚು ಕಡಿಮೆ, ಹತ್ತು ನಿಮಿಷ ಮುಂಚೆ ಹೋಗಿ. ಸೇರುವವರು ಲಯಪುನೋವ್‌ಗೆ ಎರಡು ಭಾನುವಾರ ಬೇಕು ಅಂತ ಮೊದಲ ದಿನವೇ ಕೇಳಿ. ನಾನು ಕೇಳುವಷ್ಟರಲ್ಲಿ ಬ್ಯಾಚ್ ಮುಗಿದಿತ್ತು, "ಮುಂದಿನ ಬ್ಯಾಚಿಗೆ ಮಾಡೋಣ ತಗೋರಿ" ಅಂದರು.