ಥೊರಾಂಗ್ ಲಾ ಟ್ರೆಕ್: ಗೈಡ್‌ಗೆ ಐದು ಸ್ಟಾರ್, ಏಜೆನ್ಸಿಗೆ ಎರಡು

ಕಾಠ್ಮಂಡುವಿನ ಒಂದು ಏಜೆನ್ಸಿ ಹಿಡಿದು, ಕಳೆದ ಅಕ್ಟೋಬರ್‌ನಲ್ಲಿ ನಾನೂ ನನ್ನ ತಮ್ಮನೂ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಟ್ರೆಕ್ ಮಾಡಿ ಬಂದ್ವಿ. ಏಜೆನ್ಸಿ ಹೆಸರು ಬರೆಯಲ್ಲ. ಅವರು ಕಳಿಸಿದ ಪ್ಲಾನ್ ಸರಿಯಾಗಿ ಓದದೆ 'ಓಕೆ' ಅಂದವಳು ನಾನೇ.

ಪ್ಲಾನ್ ಹೀಗಿತ್ತು: ಐದನೇ ದಿನ ಮನಾಂಗ್, ಆರನೇ ದಿನ ಥೊರಾಂಗ್ ಫೇದಿ, ಏಳಕ್ಕೆ ಥೊರಾಂಗ್ ಲಾ ಪಾಸ್ (ಬೆಟ್ಟಗಳ ನಡುವಿನ ಕಣಿವೆ ದಾರಿ) ದಾಟಿ ಮುಕ್ತಿನಾಥ. ಮನಾಂಗ್ ಸುಮಾರು 3,540 ಮೀಟರ್, ಫೇದಿ ಹತ್ತಿರ ಹತ್ತಿರ 4,500. ಒಂದೇ ದಿನಕ್ಕೆ 900 ಮೀಟರ್ ಏರಿ ಅಲ್ಲೇ ಮಲಗಬೇಕು! 3,000 ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಅಂತಾರೆ ವೈದ್ಯರು. ನಮ್ಮ ಮುಳ್ಳಯ್ಯನಗಿರಿ ತುದಿಯೇ 1,930. ಆರು ತಿಂಗಳು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದು ಕಾಲಿಗೆ ಉಪಯೋಗಕ್ಕೆ ಬಂತು, ತಲೆಗೆ ಬರಲಿಲ್ಲ.

ಮನಾಂಗ್ ಸೇರೋ ಹೊತ್ತಿಗೆ ತಮ್ಮನಿಗೆ ತಲೆ ಸಿಡೀತಿತ್ತು, ದಾಲ್ ಭಾತ್ ತಟ್ಟೆ ಹಾಗೇ ತಳ್ಳಿದ. ಗೈಡ್‌ನ ನಾವು 'ದಾಯಿ' ಅಂತಿದ್ವಿ, ನೇಪಾಳಿಯಲ್ಲಿ ಅಣ್ಣ ಅಂತ. ಅವರು ನನ್ನ ಫೋನಲ್ಲಿ ಪ್ಲಾನ್ ನೋಡಿ, ಫೋನ್ ವಾಪಸ್ ಕೊಟ್ಟು, "ಕಲ್ ಯಹೀಂ" (ನಾಳೆ ಇಲ್ಲೇ) ಅಂದ್ರು. ಅಷ್ಟೇ. ಮಧ್ಯಾಹ್ನ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಕೇಂದ್ರಕ್ಕೆ ಕರ್ಕೊಂಡು ಹೋದ್ರು. ಸೀಸನ್‌ನಲ್ಲಿ ಅಲ್ಲಿ ಎತ್ತರದ ಕಾಯಿಲೆ ಬಗ್ಗೆ ಪಾಠ ಇರುತ್ತೆ, ತಪ್ಪಿಸಬೇಡಿ. ಮಾರನೇ ದಿನ ಗಂಗಾಪೂರ್ಣ ಕೆರೆ ಮೇಲಿನ ದಿಬ್ಬ ನಿಧಾನಕ್ಕೆ ಹತ್ತಿ, ಇಳಿದು ಬಂದು ಮಲಗಿದ್ವಿ. ರಾತ್ರಿ ತಮ್ಮ ಎರಡು ಸಲ ಅನ್ನ ಹಾಕಿಸ್ಕೊಂಡ. ಆಮೇಲೆ ದಾರಿ ಮಧ್ಯದ ಯಾಕ್ ಖರ್ಕಾದಲ್ಲೂ ಒಂದು ರಾತ್ರಿ ನಿಲ್ಲಿಸಿಯೇ ಫೇದಿಗೆ ಹೊರಡಿಸಿದ್ದು.

ಎರಡು ದಿನ ಹೆಚ್ಚಾಯ್ತು. ಏಜೆನ್ಸಿ ಒಂದು ದಿನವೂ ಕೈಯಲ್ಲಿ ಇಟ್ಟಿರಲಿಲ್ಲ, ಬೆಂಗಳೂರಿನ ಟಿಕೆಟ್ ಬದಲಿಸೋಕೆ ನಾವೇ ದುಡ್ಡು ತೆತ್ವಿ. 2014ರ ಅಕ್ಟೋಬರ್‌ನಲ್ಲಿ ಈ ಭಾಗದಲ್ಲಿ ಹಿಮಬಿರುಗಾಳಿಗೆ 40ಕ್ಕೂ ಹೆಚ್ಚು ಜನ ತೀರಿಕೊಂಡಿದ್ದಾರೆ. ಹವಾ ಕೆಟ್ಟರೆ ಕಾಯೋಕೆ ದಿನ ಇಲ್ಲದ ಪ್ಲಾನನ್ನ ಯಾರು ಮಾಡ್ತಾರೆ?

ಇನ್ನು ಅವರೇ ಬಾಡಿಗೆಗೆ ಕೊಟ್ಟ ಡೌನ್ ಜಾಕೆಟ್. ಬೆಳಗಿನ ಜಾವ ನಾಲ್ಕಕ್ಕೆ, ಹೆಡ್‌ಲ್ಯಾಂಪ್ ಬೆಳಕಲ್ಲಿ ಜಿಪ್ ಎಳೆದರೆ ಅದರ ಕಿವಿಯೇ ಕೈಗೆ ಬಂತು. ಬಳೆಗೆ ಸಿಕ್ಕಿಸಿಕೊಂಡಿದ್ದ ಮೂರು ಪಿನ್ನು ಹಾಕಿ 5,416 ಮೀಟರ್ ಎತ್ತರದ ಪಾಸ್ ಹತ್ತಿದ್ದೀನಿ. ಕಾಠ್ಮಂಡುವಿನ ಥಮೆಲ್ ಬಜಾರಲ್ಲೇ ಜಿಪ್ಪನ್ನ ಹತ್ತು ಸಲ ಎಳೆದು ನೋಡಿ ತಗೊಳ್ಳಿ, ಅಂಗಡಿಯವರು ಏನಾದ್ರೂ ಅಂದುಕೊಳ್ಳಲಿ.

ಪಾಸ್ ಮೇಲೆ ಹತ್ತು ನಿಮಿಷ ನಿಂತಿರಬಹುದು, ಗಾಳಿ ನಿಲ್ಲೋಕೆ ಬಿಡಲ್ಲ. ಅಲ್ಲಿಂದ ಮುಕ್ತಿನಾಥಕ್ಕೆ 1,600 ಮೀಟರ್ ಇಳಿಜಾರು. ಹತ್ತಿದ್ದಕ್ಕಿಂತ ಅದೇ ಕಷ್ಟ, ಮಂಡಿ ಇನ್ನೂ ಮಾತಾಡ್ತಿದೆ.

ಮತ್ತೆ ಹೋದರೆ ಮೊದಲು ದಾಯಿ ಹತ್ರ ಪ್ಲಾನ್ ಬರೆಸ್ಕೊಂಡು, ಆಮೇಲೇ ಯಾರಿಗಾದ್ರೂ ಅಡ್ವಾನ್ಸ್ ಕಟ್ಟೋದು. ಮನೆಗೆ ಬಂದಾಗ ಅತ್ತೆ ಪಾಸ್ ಫೋಟೋನ ನೋಡಲೇ ಇಲ್ಲ, "ಮುಕ್ತಿನಾಥ ದೇವಸ್ಥಾನದ 108 ನೀರಿನ ಧಾರೆಗೂ ತಲೆ ಕೊಟ್ಟೆಯೇನಮ್ಮ?" ಅಂದ್ರು. ಹನ್ನೆರಡು ಧಾರೆಗೇ ಓಡಿ ಬಂದೆ ಅಂತ ಇನ್ನೂ ಹೇಳಿಲ್ಲ.