ಎದುರಾಳಿಯ ಲೈವ್ ನೋಡಿ ಆಡಿದರೆ: ಶಿಕ್ಷೆಯೋ, ವಿಳಂಬವೋ?

ದಾವಣಗೆರೆಯಲ್ಲಿ ಬಿಜಿಎಂಐ (ಫೋನಿನಲ್ಲಿ ಆಡುವ ಶೂಟಿಂಗ್ ಆಟ) ಪಂದ್ಯಾವಳಿ ನಡೆಸಲು ಹೊರಟವರು, ಎದುರಾಳಿಯ ಯೂಟ್ಯೂಬ್ ಲೈವ್ ನೋಡಿ ಅವನಿರುವ ಜಾಗ ತಿಳಿದುಕೊಳ್ಳುವವರಿಗೆ ಶಿಕ್ಷೆ ಕೊಡಬೇಕೋ, ಲೈವನ್ನೇ ತಡವಾಗಿ ಪ್ರಸಾರ ಮಾಡಿಸಬೇಕೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಶಿಕ್ಷೆ ಅಂತ ಬರೆಯುವುದು ಸುಲಭ, ಸಾಬೀತು ಮಾಡುವುದು ಕಷ್ಟ. ಎಷ್ಟು ಜನ ನೋಡುತ್ತಿದ್ದಾರೆಂದು ಯೂಟ್ಯೂಬ್ ತೋರಿಸುತ್ತದೆ, ಯಾರೆಂದು ಹೇಳುವುದಿಲ್ಲ. ಹೆಜ್ಜೆ ಸದ್ದು ಕೇಳಿ ಬಂದವನೂ ಲೈವ್ ನೋಡಿ ಬಂದವನೂ ರೆಕಾರ್ಡಿಂಗ್‌ನಲ್ಲಿ ಒಂದೇ ಥರ ಕಾಣಬಹುದು. ಬರೀ ಅನುಮಾನಕ್ಕೆ ನಿಷೇಧ ಹಾಕಿದರೆ ಜಗಳ ಖಾತ್ರಿ. ವಿದ್ಯಾನಗರದ ಯಾವುದೋ ಹಾಲ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಮಾತ್ರ ಈ ದಾರಿ ಗಟ್ಟಿ: ಎರಡನೇ ಫೋನ್ ಬಾಗಿಲಲ್ಲೇ ತೆಗೆದಿಡಿ, ಒಳಗೆ ಸಿಕ್ಕರೆ ಆ ಪಂದ್ಯದ ಅಂಕ ಸೊನ್ನೆ.

ಮನೆಯಿಂದ ಆಡಿಸುವುದಾದರೆ ವಿಳಂಬವೇ ಮೇಲು. ಪ್ರಸಾರಕ್ಕೆ ಮುಂಚೆ ಓಬಿಎಸ್ (ಲೈವ್ ಪ್ರಸಾರದ ಕಂಪ್ಯೂಟರ್ ತಂತ್ರಾಂಶ) ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ಗೆ ಹೋಗಿ ಸ್ಟ್ರೀಮ್ ಡಿಲೇ ಆನ್ ಮಾಡಿ, 300 ಸೆಕೆಂಡ್ ಕೊಡಿ. 20 ಸೆಕೆಂಡ್ ಸಾಲದು. ಪೊದೆಯಲ್ಲಿ ಮಲಗಿದವನು ಅಷ್ಟರಲ್ಲಿ ಕದಲಿರುವುದೇ ಇಲ್ಲ. ವಿಳಂಬ ಹೆಚ್ಚಿದಷ್ಟೂ ಮೆಮೊರಿ ಹೆಚ್ಚು ಬೇಕು, ಚಾಟ್‌ಗೆ ಉತ್ತರ ಐದು ನಿಮಿಷ ತಡ. ನೋಡುಗರು ಗೊಣಗಲಿ ಬಿಡಿ. ಪಂದ್ಯಕ್ಕೆ ಸೇರಲು ಬೇಕಾದ ರೂಮ್ ಐಡಿ, ಪಾಸ್‌ವರ್ಡ್ ಮಾತ್ರ ಓಬಿಎಸ್‌ನಲ್ಲಿ ಬೇರೆ ಸೀನ್ (ಬೇರೆ ದೃಶ್ಯ) ಹಾಕಿ ಮುಚ್ಚಿಡಿ.

ವಿಳಂಬವಿಲ್ಲದೆ ಲೈವ್ ಹೋದವರ ದೂರನ್ನು ಸ್ವೀಕರಿಸುವುದಿಲ್ಲ ಎಂದೂ ನಿಯಮದಲ್ಲಿ ಸೇರಿಸಿ.