ಇಟ್ರೆಕ್ಸ್ 10: ಕಾಡಿನ ಕೆಲಸಕ್ಕೆ ಇಳಿಯುವವರಿಗೆ ಈ ಹಳೇ ಜಿಪಿಎಸ್ ಸಾಕೇ?

ನಿಂತ ಜಾಗ, ನಡೆದ ದಾರಿ ದಾಖಲಿಸುವ ಗಾರ್ಮಿನ್ ಕಂಪನಿಯ ಕೈಜಿಪಿಎಸ್ ಯಂತ್ರ ಇಟ್ರೆಕ್ಸ್ 10 ಬಂದದ್ದು 2011ರಲ್ಲಿ. ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡು ವನ್ಯಜೀವಿ ಧಾಮ ಎಂದು ಘೋಷಣೆಯಾದದ್ದೂ ಅದೇ ವರ್ಷ. ಇಷ್ಟು ಹಳೆಯ ಯಂತ್ರವನ್ನು ಈಗ ಯಾಕೆ ತೂಗಿ ನೋಡಬೇಕು ಎಂದರೆ, ವನ್ಯಜೀವಿ ಸಂಶೋಧನೆಯ ಫೀಲ್ಡ್ ಬ್ಯಾಗುಗಳಲ್ಲಿ ಇಂದಿಗೂ ಇದು ಸಿಗುತ್ತದೆ. ಫೀಲ್ಡ್ ಅಸಿಸ್ಟೆಂಟ್, ಇಂಟರ್ನ್, ಸ್ವಯಂಸೇವಕ ಎಂದು ಕರೆಯುವ ಜಾಹೀರಾತುಗಳಲ್ಲಿ 'ಜಿಪಿಎಸ್, ಕಂಪಾಸ್ ಬಳಸಲು ಬರಬೇಕು' ಎನ್ನುವ ಸಾಲು ಸಾಮಾನ್ಯ. ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಪ್ರಾಣಿಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದಿ ಹೊರಟವರು ಪುಸ್ತಕದಲ್ಲಿ ಗಟ್ಟಿ ಇರುತ್ತಾರೆ, ಈ ಸಾಲಿನ ಹತ್ತಿರ ಬಂದಾಗ ತಡವರಿಸುತ್ತಾರೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಅರಣ್ಯ ಇಲಾಖೆಯ ನೇಮಕಾತಿಯೊಂದನ್ನೇ ನಂಬಿ ಕೂತವರು ಇದನ್ನು ಕೊಳ್ಳಬೇಕಿಲ್ಲ. ಅರಣ್ಯ ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ನೋಡುತ್ತಾರೆ, ಆಮೇಲೆ ದೇಹದಾರ್ಢ್ಯ ಪರೀಕ್ಷೆ. ಅಲ್ಲಿ ಓಟ ಬೇಕು, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ 371(ಜೆ) ಅರ್ಹತಾ ಪ್ರಮಾಣಪತ್ರ ಕೈಯಲ್ಲಿರಬೇಕು. ಆ ದುಡ್ಡಿಗೆ ಒಳ್ಳೆಯ ಓಟದ ಬೂಟು ತಗೊಳ್ಳಿ. ಕೆಲಸ ಸಿಕ್ಕ ಮೇಲೆ ಗಸ್ತು ದಾಖಲಿಸಲು ಎಂ-ಸ್ಟ್ರೈಪ್ಸ್‌ನಂಥ ಮೊಬೈಲ್ ಆ್ಯಪ್ ಇದ್ದೇ ಇದೆ. ಈ ಯಂತ್ರದ ಉಪಯೋಗ ಇರುವುದು ಸಂಶೋಧನಾ ಯೋಜನೆ, ಗಣತಿ, ಹಕ್ಕಿ ಸಮೀಕ್ಷೆ, ಹುಲ್ಲುಗಾವಲು ಸಮೀಕ್ಷೆ, ಇಂಥ ಕಡೆ ದುಡಿಯುವವರಿಗೆ.

ಕೈಗೆ ತಗೊಂಡರೆ ಸೆಲ್ ಸಮೇತ 142 ಗ್ರಾಂ. 2.2 ಇಂಚಿನ ಕಪ್ಪುಬಿಳುಪು ಪರದೆ. ಮುಂದೆ ಮೇಲ್ಭಾಗದಲ್ಲಿ ಒಂದು ಪುಟ್ಟ ಜಾಯ್‌ಸ್ಟಿಕ್, ಪಕ್ಕದಲ್ಲಿ ಗುಂಡಿಗಳು, ಹಿಂದೆ ಎರಡು ಪೆನ್ಸಿಲ್ ಸೆಲ್. ವಿವರವಾದ ನಕ್ಷೆ ಇಲ್ಲ, ಮೆಮರಿ ಕಾರ್ಡ್ ಹಾಕಲು ಜಾಗ ಇಲ್ಲ, ಮೆನುವಿನಲ್ಲಿ ಕನ್ನಡವೂ ಇಲ್ಲ. ಬಿಸಿಲಲ್ಲಿ ಮಾತ್ರ ಇದರ ಪರದೆಗೆ ಸಾಟಿ ಇಲ್ಲ. ಮೇ ತಿಂಗಳ ಕಲಬುರಗಿಯ ಬಿಸಿಲಿಗೆ ಫೋನ್ ಕಾದು ಪರದೆ ಮಂಕಾಗುತ್ತದೆ, ಕೊನೆಗೆ ತಾನೇ ಆಫ್ ಆಗುತ್ತದೆ. ಇದು 70 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುತ್ತದೆ ಎಂದು ಕಂಪನಿ ಬರೆದುಕೊಂಡಿದೆ, ಬಿಸಿಲು ಜೋರಾದಷ್ಟೂ ಪರದೆ ಇನ್ನೂ ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ. ಹಾಗಂತ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಸುತ್ತಲಿನ ರಬ್ಬರ್ ಪಟ್ಟಿಯ ಅಂಟು ಕರಗಿ ಪಟ್ಟಿ ಬಿಚ್ಚಿಕೊಳ್ಳುವುದು ಈ ಮಾದರಿಯ ಹುಟ್ಟುಗುಣ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. ಕಂಪನಿಯ ಲೆಕ್ಕ ಸುಮಾರು 20 ಗಂಟೆ, ಅದು ಒಳ್ಳೆಯ ಸೆಲ್ಲಿಗೆ. ಅಂಗಡಿಯಲ್ಲಿ ಗೋಡೆ ಗಡಿಯಾರಕ್ಕೆಂದು ಕೊಡುವ ಅಗ್ಗದ ಸೆಲ್ ಇದರೊಳಗೆ ಬಹಳ ಬೇಗ ಸೋಲುತ್ತದೆ. ಲೆಕ್ಕದಲ್ಲಿ ಲಾಭವಾಗುವುದು 2000 ಎಂಎಎಚ್ ಆಸುಪಾಸಿನ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಎರಡು ಜೊತೆ. ಹಾಕಿದ ಮೇಲೆ ಸೆಟಪ್‌ನ ಸಿಸ್ಟಮ್ ಪುಟದಲ್ಲಿ ಬ್ಯಾಟರಿ ಟೈಪ್ ಬದಲಿಸಲೇಬೇಕು. ಆಲ್ಕಲೈನ್ ಸೆಲ್ 1.5 ವೋಲ್ಟ್, ಇದು 1.2 ವೋಲ್ಟ್. ಬದಲಿಸದಿದ್ದರೆ ತುಂಬಿದ ಸೆಲ್ಲನ್ನೂ ಯಂತ್ರ ಅರ್ಧ ಖಾಲಿ ಎಂದು ತೋರಿಸಿ ಗಾಬರಿ ಹುಟ್ಟಿಸುತ್ತದೆ. ಬೈಕಿನ ಹ್ಯಾಂಡಲ್ಲಿಗೆ ಕಟ್ಟಿ ಕಚ್ಚಾ ರಸ್ತೆಯಲ್ಲಿ ಹೋದರೆ ಕುಲುಕಾಟಕ್ಕೆ ಸೆಲ್ಲಿನ ಸಂಪರ್ಕ ತಪ್ಪಿ ಆಫ್ ಆಗುವುದುಂಟು. ಕೊರಳಿಗೆ ಹಾಕಿಕೊಂಡರೆ ಆ ತಾಪತ್ರಯ ಇಲ್ಲ.

ಇನ್ನು ಕೆಲಸಕ್ಕೆ ಕುತ್ತು ತರುವ ತಪ್ಪುಗಳು. ಇಂಟರ್ನ್ ತಂದ ಮಾಹಿತಿ ಕಸದ ಬುಟ್ಟಿ ಸೇರುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಇಟ್ರೆಕ್ಸ್ ಪೆಟ್ಟಿಗೆಯಿಂದ ಬರುವಾಗ ಅಕ್ಷಾಂಶ ರೇಖಾಂಶವನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ ತೋರಿಸುತ್ತದೆ. ಚಿಂಚೋಳಿ ಕಡೆ ನಿಂತರೆ ಪರದೆಯ ಮೇಲೆ 17°27.450' ಉತ್ತರ, 77°31.200' ಪೂರ್ವ ಎಂದು ಬಂದೀತು. ಇದರ ನಿಜವಾದ ದಶಮಾಂಶ ಬೆಲೆ 17.4575 ಮತ್ತು 77.5200, ಏಕೆಂದರೆ ಮಿನಿಟನ್ನು 60ರಿಂದ ಭಾಗಿಸಬೇಕು. ಅವಸರದಲ್ಲಿ ಚುಕ್ಕಿ ಸರಿಸಿ 17.27450, 77.31200 ಎಂದು ಎಕ್ಸೆಲ್ಲಿಗೆ ಹಾಕುವವರು ಬಹಳ. ಆ ಬಿಂದು ದಕ್ಷಿಣಕ್ಕೆ 20 ಕಿಲೋಮೀಟರ್, ಪಶ್ಚಿಮಕ್ಕೆ 22 ಕಿಲೋಮೀಟರ್ ಜಾರುತ್ತದೆ. ಕಾಡಿನಲ್ಲಿ ಕಂಡ ಕತ್ತೆಕಿರುಬದ ಹೆಜ್ಜೆ ಸೇಡಂ ಕಡೆಯ ತೊಗರಿ ಹೊಲದಲ್ಲಿ ಹೋಗಿ ಕೂರುತ್ತದೆ. ಪರಿಹಾರ ಸುಲಭ: ಸೆಟಪ್‌ನಲ್ಲಿ ಪೊಸಿಷನ್ ಫಾರ್ಮ್ಯಾಟ್ ತೆರೆದು ಡಿಗ್ರಿ ಮಾತ್ರ ಇರುವ ದಶಮಾಂಶ ರೂಪವನ್ನು ಆರಿಸಿ, ತಂಡದವರೆಲ್ಲ ಅದನ್ನೇ ಇಟ್ಟುಕೊಳ್ಳಿ. ಅದೇ ಪುಟದಲ್ಲಿ ಡೇಟಮ್ (ಅಕ್ಷಾಂಶ ರೇಖಾಂಶದ ಲೆಕ್ಕಕ್ಕೆ ಆಧಾರವಾಗಿ ಹಿಡಿಯುವ ಭೂಮಿಯ ಮಾದರಿ) ಡಬ್ಲ್ಯುಜಿಎಸ್ 84 ಇದೆಯೇ ನೋಡಿ. ಹಳೆಯ ಟೋಪೋಶೀಟಿಗೆ (ಸರ್ವೆ ಇಲಾಖೆಯ ನಕ್ಷೆಗೆ) ಹೊಂದಿಸಲು ಯಾರಾದರೂ ಎವರೆಸ್ಟ್ ಡೇಟಮ್ಮಿಗೆ ಬದಲಿಸಿ ಬಿಟ್ಟಿದ್ದರೆ ಬಿಂದುಗಳೆಲ್ಲ ಒಂದೇ ದಿಕ್ಕಿಗೆ ಸರಿಯುತ್ತವೆ. ಎಲ್ಲವೂ ಸಮನಾಗಿ ಸರಿಯುವುದರಿಂದ ಈ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಡಿಗ್ರಿಯ ಬದಲು ಮೀಟರಿನಲ್ಲಿ ಜಾಗ ಹೇಳುವ ಯುಟಿಎಂ ಪದ್ಧತಿ ಕೇಳುವ ಯೋಜನೆಗಳಿಗೆ ನಮ್ಮ ಮೂರೂ ಜಿಲ್ಲೆಗಳು 43ನೇ ವಲಯದಲ್ಲಿ ಬರುತ್ತವೆ.

ಎರಡನೆಯದು ಟ್ರ್ಯಾಕ್. ನಡೆದ ದಾರಿಯನ್ನು ಯಂತ್ರ 10,000 ಬಿಂದುಗಳವರೆಗೆ ನೆನಪಿಡುತ್ತದೆ. ಸೆಕೆಂಡಿಗೊಂದು ಬಿಂದು ಎಂದು ಇಟ್ಟರೆ 2 ಗಂಟೆ 46 ನಿಮಿಷಕ್ಕೆ ತುಂಬಿತು. 10 ಸೆಕೆಂಡಿಗೊಂದು ಎಂದರೆ 27 ಗಂಟೆ ದಾಟುತ್ತದೆ, ನಡಿಗೆಯ ಸಮೀಕ್ಷೆಗೆ ಅಷ್ಟು ಧಾರಾಳ. ಹೊರಡುವ ಮುನ್ನ ಹಿಂದಿನ ಟ್ರ್ಯಾಕನ್ನು ಸೇವ್ ಮಾಡಿ ಅಳಿಸಿ, ಟ್ರಿಪ್ ಕಂಪ್ಯೂಟರಿನ ದೂರವನ್ನು ಸೊನ್ನೆಗೆ ತನ್ನಿ. ಇಲ್ಲದಿದ್ದರೆ 2 ಕಿಲೋಮೀಟರ್ ನಡೆದದ್ದರ ಜೊತೆಗೆ ಜೀಪಿನಲ್ಲಿ ಬಂದ 40 ಕಿಲೋಮೀಟರೂ ಸೇರಿ, ಆ ದಿನದ ಶ್ರಮದ ಲೆಕ್ಕವೇ ಕೆಡುತ್ತದೆ. ಪ್ರಾಣಿ ಎಷ್ಟು ಕಂಡವು ಎನ್ನುವಷ್ಟೇ ಮುಖ್ಯ, ಅವನ್ನು ಕಾಣಲು ಎಷ್ಟು ದೂರ ನಡೆದಿರಿ ಎನ್ನುವುದು.

ಹೊಸಬರನ್ನು ಹೆಚ್ಚು ಎಡವಿಸುವುದು ಸಮಯ. ಪರದೆ ಭಾರತದ ವೇಳೆ ತೋರಿಸಿದರೂ ಫೈಲಿನೊಳಗೆ ಬರೆದುಕೊಳ್ಳುವುದು ಗ್ರೀನಿಚ್ ವೇಳೆ, ಅಂದರೆ ನಮಗಿಂತ ಐದೂವರೆ ತಾಸು ಹಿಂದೆ. 12ನೇ ತಾರೀಖು ಬೆಳಗಿನ 5:15ಕ್ಕೆ ಒತ್ತಿದ ಬಿಂದು ಫೈಲಿನಲ್ಲಿ 11ನೇ ತಾರೀಖು ರಾತ್ರಿ 11:45 ಎಂದಿರುತ್ತದೆ. ತಾರೀಖೇ ಬದಲಾಗಿರುವುದರಿಂದ ನೋಟ್‌ಬುಕ್ಕಿಗೂ ಫೈಲಿಗೂ ತಾಳೆಯಾಗದೆ, ಯಂತ್ರ ಕೆಟ್ಟಿದೆ ಎಂದು ಕೈಬಿಟ್ಟವರೂ ಇದ್ದಾರೆ. ಐದೂವರೆ ತಾಸು ಕೂಡಿಸಿದರೆ ಎಲ್ಲ ಸರಿಹೋಗುತ್ತದೆ.

ಬಿಂದುಗಳ ಹೆಸರು ಯಂತ್ರವೇ 001, 002 ಎಂದು ಕೊಡುತ್ತಾ ಹೋಗುತ್ತದೆ. ಜಾಯ್‌ಸ್ಟಿಕ್ಕಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಹೆಸರು ಬರೆಯುವುದು ಶಿಕ್ಷೆ, ಅದಕ್ಕೆ ಹೋಗಬೇಡಿ. ಸಂಖ್ಯೆಯನ್ನು ಹಾಗೆಯೇ ಬಿಟ್ಟು ನೋಟ್‌ಬುಕ್ಕಿನಲ್ಲಿ ಅದರ ಎದುರು ವಿವರ ಬರೆಯಿರಿ: ಏನು ಕಂಡಿತು, ಎಷ್ಟು, ಎಷ್ಟು ಹೊತ್ತಿಗೆ, ಮತ್ತು ಜೊತೆಗಿರುವ ವಾಚರ್ ಆ ಜಾಗಕ್ಕೆ ಹೇಳುವ ಹೆಸರು. ಹಳ್ಳ, ಮಟ್ಟಿ, ತಾಂಡಾದ ಹೆಸರೊಂದು ಜೊತೆಗಿದ್ದರೆ ಅಂಕಿ ತಪ್ಪಿದಾಗ ತಿದ್ದಲು ದಾರಿ ಇರುತ್ತದೆ. 'ಸಾಹೇಬ್ರ, ಇದು ಆ ಹಳ್ಳ ಅಲ್ರಿ' ಅಂತ ವಾಚರ್ ಹೇಳಿದರೆ ಯಂತ್ರಕ್ಕಿಂತ ಅವರನ್ನು ನಂಬುವುದೇ ಲೇಸು.

ಇದರ ದೊಡ್ಡ ಕೊರತೆ ದಿಕ್ಸೂಚಿ. ಇಟ್ರೆಕ್ಸ್ 10ರಲ್ಲಿ ಕಾಂತದ ಕಂಪಾಸ್ ಇಲ್ಲ, ನಡೆಯುತ್ತಿರುವಾಗ ಮಾತ್ರ ದಿಕ್ಕು ಸರಿ ತೋರಿಸುತ್ತದೆ. ಟ್ರಾನ್ಸೆಕ್ಟ್ ಲೈನಿನಲ್ಲಿ, ಅಂದರೆ ಸೀಳುದಾರಿಯಲ್ಲಿ, ಪ್ರಾಣಿ ಕಂಡ ಕೂಡಲೇ ನಿಲ್ಲಬೇಕು, ಗದ್ದಲ ಮಾಡದೆ ಅದಿರುವ ದಿಕ್ಕನ್ನೂ ದೂರವನ್ನೂ ಅಳೆಯಬೇಕು. ನಿಂತ ಕ್ಷಣಕ್ಕೆ ಈ ಯಂತ್ರದ ಬಾಣ ಮನಸ್ಸಿಗೆ ಬಂದ ಕಡೆ ತಿರುಗುತ್ತದೆ. ಆದ್ದರಿಂದ ಬೇರೆ ಕಂಪಾಸ್, ಸಾಧ್ಯವಾದರೆ ದೂರ ಅಳೆಯುವ ರೇಂಜ್‌ಫೈಂಡರ್ ಬೇಕೇ ಬೇಕು. ಬೀದರಿನ ಹೊನ್ನಿಕೇರಿ ಕಡೆಯ ಬಯಲಿನಲ್ಲಿ ಚಿಗರಿ ಎಣಿಸುವವರಿಗೆ ಇದು ಇನ್ನೂ ಮುಖ್ಯ. ಬಯಲಿನಲ್ಲಿ ಹಿಂಡು ದೂರದಿಂದಲೇ ಕಾಣುತ್ತದೆ, ಕಣ್ಣಂದಾಜು ಅಷ್ಟೇ ದೂರ ತಪ್ಪುತ್ತದೆ. ಜಿಪಿಎಸ್ ಹೇಳುವುದು ನೀವು ನಿಂತ ಜಾಗ, ಚಿಗರಿ ನಿಂತ ಜಾಗವಲ್ಲ. ಸೀಳುದಾರಿಯಿಂದ 30 ಡಿಗ್ರಿ ಕೋನದಲ್ಲಿ 60 ಮೀಟರ್ ದೂರ ಕಂಡರೆ ದಾರಿಗೆ ಲಂಬವಾದ ದೂರ 30 ಮೀಟರ್ (60ಕ್ಕೆ ಆ ಕೋನದ ಸೈನ್ ಗುಣಿಸಬೇಕು), ಸಾಂದ್ರತೆಯ ಲೆಕ್ಕಕ್ಕೆ ಬೇಕಾದದ್ದು ಈ ಅಂಕಿ. ಅಖಿಲ ಭಾರತ ಹುಲಿ ಗಣತಿಯ ಪದ್ಧತಿಯಲ್ಲಿ ಸೀಳುದಾರಿಯ ಉದ್ದಕ್ಕೂ 400 ಮೀಟರಿಗೊಂದು ಕಡೆ ನಿಂತು 15 ಮೀಟರ್ ತ್ರಿಜ್ಯದಲ್ಲಿ ಮರ, 5 ಮೀಟರ್ ತ್ರಿಜ್ಯದಲ್ಲಿ ಪೊದೆ ಎಣಿಸಿ, 2 ಮೀಟರ್ ಅಗಲ 20 ಮೀಟರ್ ಉದ್ದದ ಪಟ್ಟಿಯಲ್ಲಿ ಹಿಕ್ಕೆ ನೋಡುತ್ತಾರೆ. 400 ಮೀಟರ್ ಅಳೆಯಲು ಇಟ್ರೆಕ್ಸ್ ಸಾಕು. 15 ಮೀಟರಿಗೆ ಹಗ್ಗ ಅಥವಾ ಟೇಪೇ ಗತಿ. ತೆರೆದ ಆಕಾಶದಡಿಯಲ್ಲೂ 3ರಿಂದ 5 ಮೀಟರ್ ಆಚೀಚೆ ಆಗುವ ಯಂತ್ರದಿಂದ ಅಷ್ಟು ಸಣ್ಣ ವೃತ್ತ ಅಳೆಯಲಾಗದು.

ಎಲೆಯುದುರಿದ ಮಾರ್ಚಿನಲ್ಲಿ ಚಿಂಚೋಳಿಯಂಥ ಒಣ ಕಾಡಿನಲ್ಲಿ ಸಿಗ್ನಲ್ಲಿಗೆ ತೊಂದರೆ ಇಲ್ಲ. ಮಳೆಗಾಲದಲ್ಲಿ ಎಲೆ ತುಂಬಿದಾಗ, ಆಳದ ಹಳ್ಳಕ್ಕೆ ಇಳಿದಾಗ ನಿಖರತೆ ಕುಸಿಯುತ್ತದೆ. ಆಗ ಸಿಸ್ಟಮ್ ಪುಟದಲ್ಲಿ ಜಿಪಿಎಸ್ ಜೊತೆ ರಷ್ಯಾದ ಉಪಗ್ರಹ ವ್ಯವಸ್ಥೆ ಗ್ಲೋನಾಸ್ ಕೂಡ ಆನ್ ಮಾಡಿದರೆ ಚೇತರಿಸಿಕೊಳ್ಳುತ್ತದೆ, ಸೆಲ್ ಮಾತ್ರ ಬೇಗ ಖರ್ಚು. ಬಹಳ ದಿನ ಆಫ್ ಇದ್ದ ಯಂತ್ರವನ್ನು ಜೀಪಿನೊಳಗೆ ಆನ್ ಮಾಡಿ ಕಾಯುವುದು ವ್ಯರ್ಥ. ಬಯಲಲ್ಲಿ ಕಲ್ಲಿನ ಮೇಲಿಟ್ಟು ಕೆಲವು ನಿಮಿಷ ಅದರ ಪಾಡಿಗೆ ಬಿಡಿ. ನೀರಿನ ಭಯ ಕಡಿಮೆ: ಐಪಿಎಕ್ಸ್7 ಮಟ್ಟದ ರಕ್ಷಣೆ, 1 ಮೀಟರ್ ನೀರಿನಲ್ಲಿ 30 ನಿಮಿಷ. ಆದರೆ ನಮ್ಮ ಎರೆಮಣ್ಣು ಹಿಂಬದಿಯ ಮುಚ್ಚಳದ ರಬ್ಬರಿಗೆ ಮೆತ್ತಿದ್ದರೆ ಆ ರಕ್ಷಣೆಯೂ ಹೋಯಿತು. ಸೆಲ್ ಬದಲಿಸುವಾಗಲೆಲ್ಲ ಆ ಅಂಚನ್ನು ಒರೆಸಿ.

ಮಾಹಿತಿ ಇಳಿಸಲು ಬೇಕಾಗುವುದು ಮಿನಿ ಯುಎಸ್‌ಬಿ ಕೇಬಲ್, ಈಗಿನ ಫೋನುಗಳ ಕೇಬಲ್ ಕೂರುವುದಿಲ್ಲ. ಕೆಲವು ಕೇಬಲ್ಲುಗಳಲ್ಲಿ ವಿದ್ಯುತ್ತಿನ ತಂತಿ ಮಾತ್ರ ಇರುತ್ತದೆ. ಯಂತ್ರ ಆನ್ ಆಗಿ ಕಂಪ್ಯೂಟರಿನಲ್ಲಿ ಡ್ರೈವ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಡ್ರೈವ್ ತೆರೆದುಕೊಂಡ ಮೇಲೆ ಗಾರ್ಮಿನ್ ಫೋಲ್ಡರಿನ ಒಳಗಿನ ಜಿಪಿಎಕ್ಸ್ ಫೋಲ್ಡರಿನಲ್ಲಿ ಬಿಂದುಗಳು ದಿನಕ್ಕೊಂದು ಫೈಲಾಗಿ ಇರುತ್ತವೆ, ನಡೆಯುತ್ತಿರುವ ಟ್ರ್ಯಾಕ್ ಅದರೊಳಗಿನ ಕರೆಂಟ್ ಫೋಲ್ಡರಿನಲ್ಲಿ. ಪ್ರತಿ ಸಂಜೆ ಇಡೀ ಫೋಲ್ಡರನ್ನು ನಕಲು ಮಾಡಿ ತಾರೀಖಿನ ಹೆಸರಿಟ್ಟು ಎತ್ತಿಡಿ. ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ಕ್ಯುಜಿಐಎಸ್ ಈ ಫೈಲನ್ನು ನೇರವಾಗಿ ತೆರೆಯುತ್ತದೆ. ಕೆಲಸಕ್ಕೆ ಅರ್ಜಿ ಹಾಕುವವರಿಗೆ ಒಂದು ಮಾತು: ತಾವೇ ನಡೆದ ಒಂದು ಟ್ರ್ಯಾಕ್, ಅದರ ಮೇಲೆ ಇಪ್ಪತ್ತು ಬಿಂದು, ಪ್ರತಿ ಬಿಂದುವಿಗೂ ವಿವರ ಇರುವ ಒಂದು ನಕ್ಷೆಯನ್ನು ಅರ್ಜಿಯ ಜೊತೆ ಕಳುಹಿಸಿದರೆ 'ಪ್ರಕೃತಿ ಎಂದರೆ ಪ್ರಾಣ' ಎಂದು ಒಂದು ಪುಟ ಬರೆಯುವ ಶ್ರಮ ಉಳಿಯುತ್ತದೆ.

ಅಭ್ಯಾಸಕ್ಕೆಂದು ವನ್ಯಜೀವಿ ಧಾಮದೊಳಗೆ ನುಗ್ಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27 ಮತ್ತು 28ನೇ ಕಲಮುಗಳ ಪ್ರಕಾರ ಅಧ್ಯಯನಕ್ಕೂ ಅನುಮತಿ ಬೇಕು. ಕಲಬುರಗಿಯ ಅಪ್ಪನ ಕೆರೆಯ ಸುತ್ತ, ವಿಶ್ವವಿದ್ಯಾಲಯದ ಆವರಣದಲ್ಲಿ, ಊರ ಹೊಲದ ಬದುವಿನಲ್ಲಿ 2 ಕಿಲೋಮೀಟರಿನ ಗೆರೆ ಹಾಕಿಕೊಂಡು ನಡೆದರೂ ಕೈ ಪಳಗುತ್ತದೆ.

ಫೋನ್ ಸಾಲದೇ ಎಂದು ಕೇಳುವವರಿಗೆ: ಫಾರಂ ತುಂಬಲು ಫೋನೇ ಮೇಲು. ಕೋಬೊಕಲೆಕ್ಟ್‌ನಂಥ ಆ್ಯಪ್ ನೆಟ್‌ವರ್ಕ್ ಇಲ್ಲದೆಯೂ ಫಾರಂ, ಫೋಟೊ, ಬಿಂದು ಎಲ್ಲವನ್ನೂ ಒಟ್ಟಿಗೆ ಹಿಡಿದಿಡುತ್ತದೆ, ಹೊಸ ಯೋಜನೆಗಳು ಹೆಚ್ಚಾಗಿ ಅತ್ತ ಹೊರಳಿವೆ. ಬಿಂದು ತೆಗೆಯುವಾಗ ನಿಖರತೆ 5 ಮೀಟರಿಗೆ ಇಳಿಯುವವರೆಗೆ ಕಾದರೆ ಫಲಿತಾಂಶ ಇಟ್ರೆಕ್ಸ್‌ಗಿಂತ ಕೆಟ್ಟದೇನಲ್ಲ. ಫೋನ್ ಸೋಲುವುದು ಇಡೀ ದಿನದ ಟ್ರ್ಯಾಕಿಂಗ್‌ನಲ್ಲಿ, ಬಿಸಿಲಿನಲ್ಲಿ, ಚಾರ್ಜಿಂಗ್ ಇಲ್ಲದ ಕ್ಯಾಂಪಿನಲ್ಲಿ.

ಹೊಸದೇ ಕೊಳ್ಳುವವರು 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇ ನೋಡಲಿ. ಅದರಲ್ಲಿ ಕಂಪಾಸ್ ಇದೆ, ಯುಎಸ್‌ಬಿ-ಸಿ ಇದೆ, ಅದೇ ಎರಡು ಸೆಲ್ಲಿಗೆ 168 ಗಂಟೆ ಎನ್ನುತ್ತದೆ ಕಂಪನಿ. ಅದೇ ಕಂಪನಿಯ ಇನ್‌ರೀಚ್ ಎಂಬ ಉಪಗ್ರಹ ಸಂದೇಶ ಯಂತ್ರವನ್ನು ಮಾತ್ರ ಯಾರಾದರೂ ವಿದೇಶದಿಂದ ತಂದುಕೊಡುತ್ತೇನೆ ಎಂದರೂ ಬೇಡ ಎನ್ನಿ. ಭಾರತದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣಗಳಲ್ಲಿ ಇದಕ್ಕಾಗಿ ಬಂಧನವೂ ಆಗಿದೆ.

ಕಲಿಯಲು ಮಾತ್ರ ಬೇಕಿದ್ದರೆ ಸೆಕೆಂಡ್ ಹ್ಯಾಂಡ್ ಇಟ್ರೆಕ್ಸ್ 10 ಸಾಕು, ಈಗ ಅದಕ್ಕೆ ಹೊಸದರ ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ. ಹಿಂಬದಿ ಮುಚ್ಚಳ ತೆಗೆದು ಸೆಲ್ಲಿನ ತಗಡಿನ ಮೇಲೆ ಹಸಿರು, ಬಿಳಿ ಪುಡಿ ಇದೆಯೇ ನೋಡಿ. ಇದ್ದರೆ ಸೆಲ್ ಒಳಗೇ ಸೋರಿದೆ ಎಂದರ್ಥ. ಜಾಯ್‌ಸ್ಟಿಕ್ಕನ್ನು ನಾಲ್ಕೂ ಕಡೆ ತಳ್ಳಿ, ನಡುವೆ ಒತ್ತಿ ನೋಡಿ. ರಬ್ಬರ್ ಪಟ್ಟಿ ಬಿಚ್ಚಿದ್ದರೆ ಚೌಕಾಸಿ ಮಾಡಿ, ಅಂಟಿಸಿಕೊಂಡರೆ ನಡೆಯುತ್ತದೆ. ಕೇಬಲ್ ಹಾಕಿ ಡ್ರೈವ್ ಕಾಣುತ್ತದೆಯೇ ಪರೀಕ್ಷಿಸಿ. ಕೊನೆಗೆ ಬಯಲಿಗೆ ಒಯ್ದು ಒಂದೇ ಕಲ್ಲಿನ ಮೇಲೆ ಅರ್ಧ ಗಂಟೆ ಅಂತರದಲ್ಲಿ ಎರಡು ಸಲ ಬಿಂದು ಒತ್ತಿ. ಎರಡರ ನಡುವೆ ಹತ್ತು ಮೀಟರಿಗಿಂತ ಹೆಚ್ಚು ಅಂತರ ಬಂದರೆ ಬಿಟ್ಟುಬಿಡಿ. ಪರದೆ ಕಲಬುರಗಿಯಲ್ಲಿ ನಿಂತಾಗಲೂ ಬೇರೆ ಯಾವುದೋ ಊರು ತೋರಿಸಿದರೆ ಗಾಬರಿಯಾಗಬೇಕಿಲ್ಲ, ಹಿಂದಿನವರು ಸಿಸ್ಟಮ್ ಪುಟದಲ್ಲಿ ಡೆಮೊ ಮೋಡ್ ಆನ್ ಮಾಡಿ ಮರೆತಿರುತ್ತಾರೆ.